ಕುಂಕುಮ ಹತ್ತಿದ ಕೀ

ಈ ಸಂಗತಿಯನ್ನು ಹೇಳುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಈ ಅಂಕಣ ಬರೆಯಲು ಕುಳಿತಾಗೆಲ್ಲ ಬೇರೆ ಏನಾದರೂ ವಿಷಯ ಸಿಕ್ಕಿಬಿಡುತ್ತಿತ್ತು. ಸಿಟಿ ಬಸ್ಸು, ರಸ್ತೆಯ ಗುಂಡಿ, ಮದುವೆ ಊಟ. ಈ ಸಲ ಕೀಬೋರ್ಡೇ ಬಿಡಲಿಲ್ಲ.

ನನ್ನ ಕೀಬೋರ್ಡು ಹಳೆಯ ಕಾಲದ್ದು. ಇಟ್ಟಿಗೆಯಂತೆ ಭಾರ. ಒತ್ತಿದರೆ ಟಕ್ ಟಕ್ ಸಪ್ಪಳ ಪಕ್ಕದ ಮನೆಗೂ ಕೇಳುತ್ತದೆ. (‘ಚಾಲೂ ಆತು ನೋಡ್ರಿ ಆಣಿಕಲ್ಲ ಮಳಿ’ ಎನ್ನುತ್ತಾಳೆ ಮನೆಯವಳು.) ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸು ಮುಚ್ಚಿದಾಗ ಮಾಲಕರಿಂದ ಕೇಳಿ ತಂದದ್ದು. ಹೋದ ವಾರ ಅದರ ‘ಎ’ ಅಕ್ಷರದ ಕೀ ಟಪ್ಪನೆ ಹಾರಿ ಮಂಚದ ಕೆಳಗೆ ಹೋಯಿತು.

ಗೋಕುಲ ರಸ್ತೆಯಲ್ಲಿ ಇಮ್ತಿಯಾಜ್ ಎಂಬಾತನ ರಿಪೇರಿ ಅಂಗಡಿ ಇದೆ. ಕೀ ತಿರುಗಿಸಿ ನೋಡಿದ.

‘ಇದರ ಕಾಲು ಮುರದೈತ್ರಿ ಕಾಕಾ. ಈ ಮಾಲು ಈಗ ಎಲ್ಲೂ ಸಿಗಂಗಿಲ್ಲ. ನಿಮಗ ಬ್ಯಾಡಾದ ಕೀ ಯಾವುದು ಹೇಳ್ರಿ, ಅದನ್ನ ಕಿತ್ತು ಇಲ್ಲಿ ಕೂಡಸ್ತೇನಿ.’

ಸುಲಭದ ಉಪಾಯ. ನನಗೆ ಹೊಸದೇನಲ್ಲ. ಹಿಂದೊಮ್ಮೆ ಮಾಡಿದ್ದೇನೆ.

‘ಒಳಗ ಕುಂಕುಮ ಐತಲ್ರಿ! ಕೀಬೋರ್ಡಿಗೂ ಪೂಜಿ ಮಾಡೀರೇನು?’ ಎಂದು ನಕ್ಕ.

ಮಾಡಿದ್ದು ನಾನಲ್ಲ.

ಪ್ರೆಸ್ಸಿನಲ್ಲಿ ಟೈಪ್ ಮಾಡಲು ನಾವಿಬ್ಬರು. ಪಕ್ಕಪಕ್ಕದ ಕುರ್ಚಿ, ಒಂದೇ ನಮೂನೆಯ ಕೀಬೋರ್ಡು. ಇನ್ನೊಬ್ಬಾಕೆ ಮುಗದ ಹಳ್ಳಿಯಿಂದ ರೈಲಿಗೆ ಬರುತ್ತಿದ್ದಳು. ನನಗಿಂತ ಚಿಕ್ಕವಳು, ನನಗಿಂತ ಚುರುಕು. ದಸರೆಯ ಖಂಡೇಪೂಜೆಯ ದಿನ ಎಲ್ಲರೂ ಮಷಿನ್ನಿಗೆ ಕುಂಕುಮ ಹಚ್ಚಿದರೆ, ಆಕೆ ತನ್ನ ಕೀಬೋರ್ಡಿನ ‘ಎ’ಗೂ ಒಂದು ಬೊಟ್ಟು ಇಟ್ಟಳು. ಎಷ್ಟು ಒರೆಸಿದರೂ ಅಂಚಿನಲ್ಲೂ ಒಳಗೂ ಕೆಂಪು ಉಳಿಯಿತು.

ಹಬ್ಬ ಮುಗಿದ ಮೇಲೆ ನನ್ನ ಕೀಬೋರ್ಡಿನ ಅದೇ ‘ಎ’ ಕೀ ಮುರಿಯಿತು. ಇನ್ನೊಂದು ಸಾಮಾನು ಕೆಡಿಸಿದರೆ ಕಂಪ್ಯೂಟರಿನಿಂದ ಎಬ್ಬಿಸಿ ಬೈಂಡಿಂಗಿಗೆ ಕೂಡಿಸುತ್ತೇನೆಂದು ಮಾಲಕರು ನನಗೆ ಮೊದಲೇ ಹೇಳಿದ್ದರು. ಆಕೆ ಬುತ್ತಿ ಬಿಚ್ಚಲು ಹೊರಗೆ ಹೋದಾಗ ಆಕೆಯ ಕೀ ಕಿತ್ತು ನನ್ನದಕ್ಕೆ ಹಾಕಿಕೊಂಡೆ. ಮುರಿದದ್ದನ್ನು ಆಕೆಯ ಕೀಬೋರ್ಡಿನಲ್ಲಿ ನಾಜೂಕಾಗಿ ನಿಲ್ಲಿಸಿದೆ.

ಊಟ ಮುಗಿಸಿ ಬಂದು ಆಕೆ ಬೆರಳಿಟ್ಟಳು. ಕೀ ಹಾರಿ ಮಾಲಕರ ಕಾಲಬುಡಕ್ಕೆ ಬಿತ್ತು.

‘ಇದೇನು ಖಾರಾ ಕುಟ್ಟೋ ಒಳ್ಳು ಅಂತ ತಿಳದೀಯೇನವಾ?’ ಎಂದ ಅವರು, ಎಲ್ಲರ ಮುಂದೆ ಆಕೆಯನ್ನು ಬೈಂಡಿಂಗಿಗೆ ಕಳಿಸಿದರು.

ಬೈಂಡಿಂಗಿಗೆ ಎದ್ದು ಹೋಗುವ ಮುನ್ನ ಆಕೆ ನನ್ನ ಕೀಬೋರ್ಡು ನೋಡಿದಳು. ಅಂಚಿನ ಕೆಂಪನ್ನೂ ನೋಡಿದಳು.

‘ಅಣ್ಣಾರ, ನಿಮ್ಮ ಕೀ ಛಲೋ ನಡೀತೈತೇನ್ರಿ?’

‘ಹೂಂ, ಛಲೋ ಐತಿ’ ಎಂದೆ.

ಅಷ್ಟೇ. ಮಾಲಕರಿಗೆ ಆಕೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಬೆನ್ನ ಹಿಂದೆ ಹಾಳೆ ಮಡಚುತ್ತ ಕುಳಿತಳು. ಮುಂದಿನ ದಸರೆಯೊಳಗೆ ಕೆಲಸವನ್ನೇ ಬಿಟ್ಟಳು.

ಮದುವೆ ಊಟದಲ್ಲಿ ಅಲುಗಾಡುವ ಕುರ್ಚಿ ಸಿಕ್ಕರೆ ನಾವೇನು ಮಾಡುತ್ತೇವೆ? ಮೆಲ್ಲಗೆ ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಇದನ್ನು ಅಲ್ಲಿಗೆ ಸರಿಸುತ್ತೇವೆ. ಅದರ ಮೇಲೆ ಯಾರೋ ಬಂದು ಕೂಡುತ್ತಾರೆಂದು ಗೊತ್ತು. ಗೊತ್ತಿದ್ದೂ ಹೋಳಿಗೆಗೆ ಕೈ ಹಾಕುತ್ತೇವೆ. ಯಾರು ಬೀಳುತ್ತಾರೋ ಗೊತ್ತಿಲ್ಲ ಎಂಬ ನೆಪವಾದರೂ ಅಲ್ಲಿರುತ್ತದೆ. ನನಗೆ ಅದೂ ಇರಲಿಲ್ಲ.

‘ಬ್ಯಾರೆ ಕೀ ಕೀಳಬ್ಯಾಡೋ, ಇದನ್ನ ಜೋಡಸು’ ಎಂದೆ ಇಮ್ತಿಯಾಜನಿಗೆ.

‘ಹಟಾ ಭಾಳ ಐತಿ ನಿಮ್ಮದು’ ಎನ್ನುತ್ತ ಆತ ಬಾಲ್‌ಪೆನ್ ರಿಫಿಲ್ಲಿನ ಚೂರೊಂದನ್ನು ಮುರಿದ ಕಾಲಿಗೆ ತೊಡಿಸಿ ಅಂಟು ಹಾಕಿದ. ಕುಂಕುಮ ತಿಕ್ಕಲು ಬ್ರಶ್ ಎತ್ತಿದವನನ್ನು ತಡೆದೆ. ಈ ಬರಹ ಟೈಪ್ ಆದದ್ದು ಆ ಕೀಯಿಂದಲೇ.

ಹುಬ್ಬಳ್ಳಿಯಿಂದ ಮುಗದ ಎಷ್ಟು ದೂರ? ಧಾರವಾಡ ದಾಟಿದರೆ ಬಂತು. ಆದರೂ ಒಮ್ಮೆಯೂ ಹೋಗಿ ತಪ್ಪಾಯಿತು ಎನ್ನಲಿಲ್ಲ. ಈ ಪತ್ರಿಕೆ ಮಾತ್ರ ದಿನವೂ ಅಲ್ಲಿಗೆ ಹೋಗುತ್ತದೆ. ಆಕೆ ಅಂದು ಕೇಳಿದ ಪ್ರಶ್ನೆಗೆ ಖರೇ ಉತ್ತರವನ್ನು ಅದರ ಕೈಯಲ್ಲೇ ಕಳಿಸುತ್ತಿದ್ದೇನೆ.

ಆ ಕೀ ನನ್ನದಲ್ಲ, ನಿನ್ನದು, ದಾನಮ್ಮ.