ಎರಡು ಬೋರ್ಡುಗಳ ನಡುವಿನ ಮನೆ

ನನ್ನ ಭಾವನನ್ನು ಎಲ್ಲರೂ ಬೋರ್ಡಣ್ಣ ಅನ್ನುತ್ತಾರೆ. ನಮ್ಮ ಪೇಟೆಯಲ್ಲೂ ಪಕ್ಕದ ಹಳ್ಳಿಯಲ್ಲೂ ಗೋಡೆ ಮೇಲೆ ಕಾಣುವ ಅಕ್ಷರವೆಲ್ಲ ಅವನ ಕೈಯದೇ. ಅಕ್ಷರ ದುಂಡು, ಮನುಷ್ಯ ಮಹಾ ಸೋಮಾರಿ. ಅಕ್ಕನನ್ನು ಕೊಟ್ಟವರು ನಾವು, ಇಷ್ಟು ಹೇಳುವ ಹಕ್ಕು ನನಗಿದೆ.

ಪೇಟೆ ಮುಗಿದು ಹಳ್ಳಿ ಶುರುವಾಗುವ ಕಡೆ, ರಸ್ತೆ ಪಕ್ಕದಲ್ಲೇ ಅವರ ಮನೆ. ಮದುವೆಯಾದ ಹೊಸದರಲ್ಲಿ ಎರಡೂ ಊರಿನವರು ಸ್ವಾಗತದ ಬೋರ್ಡು ಬರೆದು ನೆಡಲು ಅವನಿಗೇ ಹೇಳಿದ್ದರು. ಎರಡನ್ನೂ ನೆಡಬೇಕಾದ ಜಾಗ ಮನೆ ದಾಟಿ ಆಚೆ, ಮೋರಿಯ ಹತ್ತಿರ. ಕಬ್ಬಿಣದ ಬೋರ್ಡು, ನೆತ್ತಿ ಸುಡುವ ಬಿಸಿಲು. ಭಾವ ಪೇಟೆಯದನ್ನು ಮನೆಯ ಈ ಮಗ್ಗುಲಲ್ಲಿ, ಹಳ್ಳಿಯದನ್ನು ಆ ಮಗ್ಗುಲಲ್ಲಿ ಹುಗಿದು, ನಾಳೆ ಸಾಗಿಸಿದರಾಯಿತು ಎಂದು ಚಾಪೆ ಹಾಸಿದ. ಆ ನಾಳೆ ಇವತ್ತಿಗೂ ಬಂದಿಲ್ಲ.

ವಿಷಯ ಗೊತ್ತಿದ್ದವರು ಒಬ್ಬೊಬ್ಬರಾಗಿ ಕಣ್ಮುಚ್ಚಿದರು. ಆಮೇಲಿನವರು ಕಥೆ ಕಟ್ಟಿದರು. ಗಡಿಗಾಗಿ ಎರಡೂ ಊರು ಹೊಡೆದಾಡಿದ್ದವಂತೆ, ಕೊನೆಗೆ ಹಿರಿಯರು ಕೂತು, ಈ ತುಂಡು ನೆಲ ಯಾರಿಗೂ ಬೇಡ ಎಂದು ಬಿಟ್ಟುಕೊಟ್ಟರಂತೆ. ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆತಂದು ಇದನ್ನೇ ಗದ್ಗದ ದನಿಯಲ್ಲಿ ಹೇಳುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಯಾಕೆಂದರೆ ನಲ್ಲಿಯ ಪೈಪು ಬಂದಾಗ ಪೇಟೆಯದು ಪೇಟೆಯ ಬೋರ್ಡಿಗೆ ನಿಂತಿತು, ಹಳ್ಳಿಯದು ಹಳ್ಳಿಯ ಬೋರ್ಡಿಗೆ. ಅಕ್ಕ ಪೇಟೆಯ ಬೀದಿನಲ್ಲಿಯಿಂದ ನೀರು ಹೊತ್ತು ಹೊತ್ತು ಮಂಡಿ ಸವೆಸಿಕೊಂಡಳು. ಅಂಗಳದಲ್ಲಿ ಒಂದು ನಲ್ಲಿ ಆಗಲಿ ಅನ್ನುವುದೊಂದೇ ಅವಳ ಆಸೆ.

ಭಾವ ಪೇಟೆಯ ಕಚೇರಿಗೆ ಹೋಗಿ, "ಆ ಬೋರ್ಡು ನಾನೇ ನೆಟ್ಟಿದ್ದು ಸ್ವಾಮಿ, ತಪ್ಪು ಜಾಗದಲ್ಲಿ" ಎಂದ.

ಗುಮಾಸ್ತರು ನಕ್ಕರು. "ಸುಮ್ನಿರಿ ಬೋರ್ಡಣ್ಣ. ಅದು ನಮ್ಮ ಮುತ್ತಾತಂದಿರು ಮಾಡಿದ ಗಡಿ."

ಮನೆಗೆ ಬಂದು ಹೇಳಿದ. ಅಕ್ಕ ಬೈಯಲಿಲ್ಲ. ಬೈಯುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. "ಬೋರ್ಡು ಹೊರೋಕೆ ಸೋಮಾರಿತನ ಮಾಡಿದ್ದು ನೀವು. ಕೊಡ ಹೊರ್ತಿರೋದು ನಾನು" ಎಂದಳು, ಅಷ್ಟೇ.

ಮಾರನೆಯ ದಿನ ಹಾಡುಹಗಲಲ್ಲೇ ಭಾವ ಹಾರೆ ಹಿಡಿದು ಪೇಟೆಯ ಬೋರ್ಡನ್ನು ಕಿತ್ತ. ನಾನೂ ಕೈಜೋಡಿಸಿದೆ. ಮೋರಿಯ ಕಡೆಗೆ ಎಳೆದುಕೊಂಡು ಹೊರಟೆವು, ಮನೆಯ ಮುಂದೆ ಬರುವಷ್ಟರಲ್ಲಿ ಜನ ಸೇರಿತು.

"ಚರಿತ್ರೆಗೇ ಕೈ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?" ಎಂದರು ಮೇಷ್ಟ್ರು.

"ಎಂಥ ಚರಿತ್ರೆ ಮೇಷ್ಟ್ರೇ, ಅವತ್ತು ನನಗೆ ನಿದ್ದೆ ಬಂದಿತ್ತು!" ಎಂದ ಭಾವ. ಎಲ್ಲರೂ ಗೊಳ್ಳೆಂದು ನಕ್ಕರು. ಯಾರೂ ನಂಬಲಿಲ್ಲ. ಎಂದೂ ಒಂದಾಗದ ಎರಡೂ ಊರಿನವರು ಅವತ್ತು ಒಂದಾಗಿ ಬೋರ್ಡನ್ನು ಹಳೆಯ ಗುಂಡಿಗೇ ಇಳಿಸಿ, ಸಿಮೆಂಟು ಸುರಿದರು. ಬಣ್ಣ ಕಿತ್ತುಹೋದ ಕಡೆ ತಿದ್ದಲು ಬ್ರಷ್ಷನ್ನು ಭಾವನ ಕೈಗೇ ಕೊಟ್ಟರು. ಬೇರೆ ಯಾರಿಗೆ ಬರುತ್ತದೆ ಆ ಕೆಲಸ?

ಅವನು ತಿದ್ದುತ್ತಿದ್ದಾಗ ಅಕ್ಕ ಪೇಟೆಯಿಂದ ಬಂದಳು. ಬೋರ್ಡಿನ ಬುಡದಲ್ಲಿ ಕೊಡ ಇಳಿಸಿ, ಅಲ್ಲೇ ಕುಸಿದು ಕೂತಳು. ಭಾವ ಬ್ರಷ್ಷು ಕೆಳಗಿಟ್ಟು, ಕೊಡವನ್ನು ಹೆಗಲಿಗೇರಿಸಿದ.

ಅಂದಿನಿಂದ ನೀರು ಅವನದೇ. ಮೊನ್ನೆ ಮೇಷ್ಟ್ರು ಮತ್ತೆ ಮಕ್ಕಳನ್ನು ಕರೆತಂದಿದ್ದರು. ಭಾವ ಏದುಸಿರು ಬಿಡುತ್ತ ಬೋರ್ಡಿನ ಹತ್ತಿರ ಕೊಡ ಇಳಿಸಿ, ಹಿರಿಯರ ತ್ಯಾಗದ ಕಥೆಯನ್ನು ಪೂರ್ತಿ ಕೇಳಿಸಿಕೊಂಡ. ಸುಳ್ಳು ಅನ್ನಲು ಅವನಿಗೆ ಉಸಿರಿರಲಿಲ್ಲ. ಮನೆಯೊಳಗಿಂದ ಅಕ್ಕ ಕೂಗಿದಳು, "ನೀರು ಬಂತಾ?"