ನವಿಲಿನ ಬಣ್ಣ

ಕಳೆದ ತಿಂಗಳು ಸಾಂಬ್ರಾ ವಿಮಾನ ನಿಲ್ದಾಣದ ಹೊರಗೆ ಅಕ್ಕನಿಗಾಗಿ ಕಾಯುತ್ತ ನಿಂತಿದ್ದೆ. ಗಾಳಿ ತಿರುಗಿತು, ಸೀಮೆಎಣ್ಣೆಯಂಥ ಬಿಸಿ ವಾಸನೆ ಮೂಗಿಗೆ ಬಡಿಯಿತು. ವಿಮಾನದ ಇಂಧನ. ಅದರ ಹಿಂದೆಯೇ ಮೂಡಲಗಿಯ ಮಿಸ್ತ್ರಿ ನೆನಪಾದರು...

ವಾಯುಪಡೆಯಲ್ಲಿ ಇಂಧನ ಪರೀಕ್ಷಿಸುವ ಕೆಲಸದಿಂದ ನಿವೃತ್ತರಾಗಿ ಬಂದು, ಅವರು ಟ್ರ್ಯಾಕ್ಟರಿನ ಡೀಸೆಲ್ ಪಂಪು, ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ನಾಝಲ್ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ಆಗ ನಾನು ಗೋಕಾಕದಲ್ಲಿ ಪತ್ರಿಕೆಯೊಂದರ ವರದಿಗಾರ. ಮೂಡಲಗಿಗೆ ಹೋದಾಗ ಅಲ್ಲಿ ಕೂತೇ ಬರುತ್ತಿದ್ದೆ. ವಿಮಾನದಲ್ಲಿ ಇಂಧನ ಉರಿಯುವ ಮೊದಲು ಎಂಜಿನ್ನಿನ ಕಾವನ್ನೂ ಹೊರುತ್ತದೆ ಎಂದು ನನಗೆ ತಿಳಿದದ್ದು ಅವರಿಂದ. ಕಾವು ತಾಳದ ಇಂಧನ ಕೆಟ್ಟು, ಅರಗಿನಂತೆ ನಾಝಲ್‌ಗೆ ಅಂಟಿ ಕೂರುತ್ತದೆ. ಅದಕ್ಕೇ ಮೊದಲು ಬಿಸಿ ಕೊಳವೆಯ ಮೇಲೆ ಹರಿಸಿ ಕೊಳವೆಯ ಬಣ್ಣ ನೋಡುತ್ತಾರಂತೆ.

"ಒಣಹುಲ್ಲಿನ ಬಣ್ಣ ಬಂದ್ರ ನಡೀತೈತ್ರಿ. ನವಿಲಿನ ಬಣ್ಣ ಬಂತಂದ್ರ ವಿಮಾನ ಏಳಾಂಗಿಲ್ಲ," ಎನ್ನುತ್ತಿದ್ದರು.

ಊರಲ್ಲಿ ಪೆಟ್ರೋಲ್-ಡೀಸೆಲ್ ಬಂಕಿನ ಸಾಹುಕಾರನೊಬ್ಬನಿದ್ದ. ಒಮ್ಮೆ ಮಿಸ್ತ್ರಿಯಿಂದ ಹಾಕಿಸಲೆಂದು ಅವನ ಟ್ರ್ಯಾಕ್ಟರಿಗೆ ತಂದ ಹೊಸ ನಾಝಲ್ ಕಾಣೆಯಾಯಿತು. ಬಂಕಿಗೆ ಮಿಸ್ತ್ರಿಯನ್ನು ಕರೆಸಿ, ನೆರೆದ ಜನರ ಮುಂದೆ ಅಂದ: "ಏ ಫೌಜಿ, ಕಿಸೆ ತೆಗಿ. ಸರಕಾರದ ವಿಮಾನಾನ ಬಿಚ್ಚಿ ಮಾರಿದವ, ನನ್ನ ನಾಝಲ್ ಬಿಡ್ತಿಯೇನು?"

ಜನ ನಕ್ಕರು. ನಾನೂ ಅಲ್ಲಿದ್ದೆ. ಮಿಸ್ತ್ರಿ ಎರಡೂ ಕಿಸೆಗಳನ್ನು ಹೊರಗೆಳೆದು ತೋರಿಸಿದರು. ಮರುದಿನ ನಾಝಲ್ ಚಾಲಕನ ಸೀಟಿನ ಕೆಳಗೆ ಸಿಕ್ಕಿತು. "ಸಿಕ್ತಲ್ಲ, ಮುಗೀತು," ಎಂದ ಸಾಹುಕಾರ.

ಮಿಸ್ತ್ರಿಗೆ ಮುಗಿಯಲಿಲ್ಲ. ತಮ್ಮ ಗಾಡಿಗೆ ಪೆಟ್ರೋಲ್ ಹಾಕಿಸಲು ಅಂದಿನಿಂದ ಗೋಕಾಕಕ್ಕೆ ಬರತೊಡಗಿದರು. "ಎಣ್ಣಿ ತರಾಕ ಎಣ್ಣಿ ಸುಡ್ತೀರಲ್ರಿ," ಎಂದು ನಾನು ನಕ್ಕರೆ, "ಸುಡ್ಲಿ ಬಿಡ್ರಿ. ಇನ್ನೂ ಸುಡೂದ ಐತಿ," ಎಂದಿದ್ದರು.

ಮೂರು ವರ್ಷ ಕಳೆದು, ಕಬ್ಬಿನ ಹಂಗಾಮಿನ ನಡುವೆ ಹತ್ತಿರದ ತುಕ್ಕಾನಟ್ಟಿಯ ಟ್ರ್ಯಾಕ್ಟರುಗಳು ಒಂದೊಂದಾಗಿ ಹೊಗೆ ಕಾರಿ ನಿಂತವು. ಡೀಸೆಲ್ ಸಿಗುವುದಿಲ್ಲವೆಂಬ ಸುದ್ದಿ ಹಬ್ಬಿ, ಜನ ವಾರಗಟ್ಟಲೆ ಮೊದಲೇ ಸಾಹುಕಾರನ ಬಂಕಿನಿಂದ ತಂದು ಕೂಡಿಟ್ಟಿದ್ದರು. ಕ್ಯಾನು ಸಾಲದ ಮನೆಗಳಲ್ಲಿ, ಸೋಲಾರ್ ಬಂದ ಮೇಲೆ ಮೂಲೆ ಸೇರಿದ್ದ ತಾಮ್ರದ ಹಂಡೆಗಳೂ ತುಂಬಿದ್ದವು. ತಾಮ್ರದಲ್ಲಿಟ್ಟದ್ದು ಕೆಡುವುದಿಲ್ಲವೆಂದು ಎಲ್ಲರ ನಂಬಿಕೆ. ನಾನು ಆ ಹಂಡೆಗಳನ್ನು ಕಣ್ಣಾರೆ ನೋಡಿದ್ದೆ.

ರೈತರು ನಾಝಲ್‌ಗಳನ್ನೂ ಒಂದು ಬಾಟಲಿ ಡೀಸೆಲ್ಲನ್ನೂ ಮಿಸ್ತ್ರಿಯ ಬಳಿ ತಂದಾಗ ನಾನೂ ಅಂಗಡಿಯಲ್ಲಿದ್ದೆ. ಅವರು ಸಣ್ಣ ಕೊಳವೆಯೊಂದನ್ನು ಕಾಯಿಸಿ, ಅದರ ಮೇಲೆ ಹನಿ ಹನಿಯಾಗಿ ಬಿಟ್ಟರು. ನೀಲಿ, ಹಸಿರು, ನೇರಳೆ... ಕೊಳವೆಯ ಮೇಲೆ ನವಿಲುಗರಿ ಎದ್ದಂತಾಯಿತು.

"ಡೀಸೆಲ್ ಎಲ್ಲಿಂದ ತಂದೀರಿ?" ಎಂದು ಕೇಳಿದರು. ರೈತರು ಬಂಕಿನ ಹೆಸರು ಹೇಳಿದರು. ಮಿಸ್ತ್ರಿ ಮತ್ತೇನೂ ಹೇಳಲಿಲ್ಲ. ಕೊಳವೆಯನ್ನು ನನ್ನ ಕೈಗಿಟ್ಟರು.

ಬಂಕಿನ ಡೀಸೆಲ್ಲೇ ಕೆಟ್ಟದ್ದೆಂಬ ನನ್ನ ವರದಿ ಫೋಟೋ ಸಮೇತ ಬಂತು. ಸಾಹುಕಾರನ ನಿರಾಕರಣೆಯನ್ನೂ ಕೊನೆಯ ಸಾಲಿನಲ್ಲಿ ಹಾಕಿದ್ದೆ. ಬಂಕಿನ ಗಾಜು ಪುಡಿಯಾಯಿತು, ಗಿರಾಕಿ ನಿಂತಿತು. ಅಧಿಕಾರಿಗಳು ಬಂಕಿನ ಟ್ಯಾಂಕಿನಿಂದ ತೆಗೆದ ಮಾದರಿಯಲ್ಲಿ ದೋಷವಿಲ್ಲವೆಂದು ಫಲಿತಾಂಶ ಬಂದಾಗ, ಅದು ಒಳಪುಟದಲ್ಲಿ ಎರಡು ಸಾಲಾಯಿತು. ಯಾರೂ ನಂಬಲಿಲ್ಲ. ಸಾಹುಕಾರ ಬಂಕು ಬಿಟ್ಟು ಹುಕ್ಕೇರಿಗೆ ಹೋಗಿ ನೆಲೆಸಿದ.

ಆ ಎರಡು ಸಾಲು ನನ್ನನ್ನು ಬಿಡಲಿಲ್ಲ. ಮಿಸ್ತ್ರಿಯನ್ನು ಕೇಳಿದೆ. ಅವರು ನಾಝಲ್ ತೊಳೆಯುತ್ತಲೇ ಹೇಳಿದರು: "ಬಾಟಲಿ ಬಂದಿದ್ದು ಹಂಡೇದಿಂದ್ರಿ. ತಾಮ್ರ ಹತ್ತಿದ್ರ ಎಣ್ಣಿ ಲಗೂ ಕೆಡತೈತಿ. ವಿಮಾನದಾಗ ನಾವು ಎಣ್ಣಿಗೆ ತಾಮ್ರ ಮುಟ್ಟಗೊಡ್ತಿರಲಿಲ್ಲ."

"ಮೊದಲ ಗೊತ್ತಿತ್ತೇನ್ರಿ? ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಎಂದರು. ತೊಳೆದ ನಾಝಲ್ ಒರೆಸಿಟ್ಟು, "ಅವತ್ತ ಬಂಕಿನ್ಯಾಗೂ ನೀವು ಏನೂ ಕೇಳಲಿಲ್ಲ. ಸುಮ್ನ ನಿಂತಿದ್ರಿ," ಎಂದರು.

ಅವರು ಸೇಡು ತೀರಿಸಿಕೊಂಡದ್ದು ಒಬ್ಬನ ಮೇಲಲ್ಲ. ಮಾದರಿ ಯಾವ ಪಾತ್ರೆಯದೆಂದು ಕೇಳುವುದು ನನ್ನ ಕೆಲಸವಾಗಿತ್ತು. ಅದನ್ನು ಒಪ್ಪಿ ಬರೆಯಬೇಕಿತ್ತು, ಬರೆಯಲಿಲ್ಲ. ಬರೆದರೆ ನನ್ನ ಹೆಸರೂ ಹೋಗುತ್ತಿತ್ತು... ಎರಡು ವರ್ಷದ ಹಿಂದೆ ಮಿಸ್ತ್ರಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಷ್ಟು ಬಲ್ಲ ಮನುಷ್ಯ ಈ ಸೀಮೆಯಲ್ಲಿ ಮತ್ತೆ ಸಿಗಲಿಲ್ಲ. ಅಷ್ಟು ಕಾದು ಹೊಡೆದವರನ್ನೂ ನಾನು ಕಂಡಿಲ್ಲ.

ಅಕ್ಕನನ್ನು ಮನೆಗೆ ಬಿಟ್ಟ ಮರುದಿನ ಹುಕ್ಕೇರಿಗೆ ಹೋದೆ. ಸಾಹುಕಾರನಿಗೆ ಈಗ ಕಣ್ಣು ಮಂಜು. ನನ್ನ ದನಿ ಗುರುತಿಸಿ, "ಯಾರು, ಪೇಪರಿನವರೇನು? ಬರ್ರಿ," ಎಂದ. ಹಂಡೆಯ ಸಂಗತಿಯನ್ನು ಒಂದೂ ಬಿಡದೆ ಹೇಳಿದೆ. ಚಹಾ ತರಿಸಿದ. ಕೈ ತಡವಿ ಒಂದು ಕಪ್ಪು ನನ್ನ ಮುಂದೆ ಸರಿಸಿದ.

"ಮಿಸ್ತ್ರಿ ಮ್ಯಾಲ ನನಗ ಸಿಟ್ಟಿಲ್ಲ," ಎಂದ. "ನಾ ಅವಂಗ ಮಾಡಿದ್ದೆ, ಅವ ನನಗ ಮಾಡಿದ. ಖರೆ ಹೇಳ್ರಿ, ನಿಮಗ ನಾ ಏನ ಮಾಡಿದ್ದೆ?"

ಚಹಾ ಆರುವ ತನಕ ಅಲ್ಲೇ ಕೂತಿದ್ದೆ. ಅವನು ಮತ್ತೆ ಕೇಳಲಿಲ್ಲ. ಕುಡಿಯಿರಿ ಎಂದೂ ಹೇಳಲಿಲ್ಲ.