ಚೀಟಿ ಅಂಟಿಸುವ ಜಾಗ

“ಚೀಟಿ ಮೇಡಂ ಮನೆ ಗೋಡೆಗೆ ಬಣ್ಣಾನೇ ಬೇಡ, ಚೀಟಿನೇ ಸಾಕು” ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಜೀವಕೋಶದೊಳಗೆ ಪ್ರೋಟೀನು ತಯಾರಿಸಲು ಹೇಳುವ ಆರ್‌ಎನ್‌ಎ ಎಂಬ ಸಂದೇಶ ಯಾವ ಮೂಲೆಯಲ್ಲಿ ಕೂರುತ್ತದೆಂದು ಮೂವತ್ತು ವರ್ಷ ಸೂಕ್ಷ್ಮದರ್ಶಕದಲ್ಲಿ ಹುಡುಕಿದವರು ಈ ಮೇಡಂ. “ಅದೇ ಸಂದೇಶ, ಅದೇ ಪ್ರೋಟೀನು. ತಯಾರಾಗೋ ಜಾಗ ಬೇರೆಯಾದ್ರೆ ಅದು ಮಾಡೋ ಕೆಲಸಾನೂ ಬೇರೆಯಾಗ್ಬಹುದು ಕಣೇ” ಎಂದು ತಂಗಿಗೆ ಹೇಳುವರು. ಹಾಗಾಗಿ ಮನೆಯಲ್ಲೂ ಪಟ್ಟಿ ಬರೆದಿಡುವ ಅಭ್ಯಾಸವಿಲ್ಲ, ಕೆಲಸವಿದ್ದಲ್ಲೇ ಚೀಟಿ: ಒಲೆಯ ಪಕ್ಕ ‘ಆರಿಸು’, ನಲ್ಲಿಯ ಮೇಲೆ ‘ನಿಲ್ಲಿಸು’, ಬಾಗಿಲಿಗೆ ‘ಬೀಗ ಹಾಕು’. “ಮೂಗಿಗೂ ಒಂದು ಅಂಟಿಸ್ಕೋ ಅಕ್ಕಾ, ಉಸಿರಾಡು ಅಂತ” ಎಂದು ತಂಗಿ ಕಿಚಾಯಿಸಿದರೆ, ಮೇಡಂ ನಿಜವಾಗಿಯೂ ಮೂಗು ಮುಟ್ಟಿ ನೋಡಿಕೊಳ್ಳುವರು. ಒಂದು ಬೆಳಿಗ್ಗೆ ‘ಆರಿಸು’ ಚೀಟಿ ದೀಪದ ಸ್ವಿಚ್ಚಿನ ಮೇಲಿತ್ತು. ಮೇಡಂ ವಿಧೇಯರಾಗಿ ದೀಪ ಆರಿಸಿ ಕೂತರು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಲೇ ಇತ್ತು. ಅಷ್ಟರಲ್ಲಿ ಅಕ್ಕನನ್ನು ನೋಡಲು ಬಂದ ತಂಗಿ ಹೊಗೆ ಕಂಡು ಒಳಗೋಡಿ ಒಲೆ ಆರಿಸಿ, “ಚೀಟಿ ಯಾರು ಕಿತ್ತಿದ್ದು?” ಎಂದಳು. ಆ ಮನೆಯಲ್ಲಿ ಮೇಡಂ ಬಿಟ್ಟು ಇನ್ನೊಬ್ಬರಿರಲಿಲ್ಲ. “ಅಮ್ಮಂಗೂ ಹೀಗೇ ಶುರುವಾಗಿದ್ದು. ಕೊನೆಗೆ ನಮ್ಮಿಬ್ಬರ ಮುಖಾನೂ ಮರೆತಳು” ಎಂದರು ಮೇಡಂ ಮೆಲ್ಲಗೆ. ಅವತ್ತಿನಿಂದ ತಂಗಿ ಕಿಚಾಯಿಸಲಿಲ್ಲ. ಮನೆ ಬಿಟ್ಟು ತಂಗಿಯ ಮನೆಗೆ ಹೊರಟ ದಿನ ಮೇಡಂ ಒಂದು ಚೀಟಿಯನ್ನೂ ಕೀಳಲಿಲ್ಲ. ಹೊಸದೊಂದನ್ನು ಮಾತ್ರ ಬರೆದು ತಂಗಿಯ ಭುಜಕ್ಕೆ ಒತ್ತಿದರು: ‘ತಂಗಿ. ಇವಳ ಜೊತೆ ಹೋಗು.’ “ಗಟ್ಟಿಯಾಗಿ ಅಂಟಿದೆಯೇನೇ?” ಎಂದು ಎರಡು ಸಲ ಕೇಳಿದರು. ತಂಗಿ ಚೀಟಿಯ ಮೇಲೆ ಅಂಗೈ ಇಟ್ಟುಕೊಂಡೇ ಮೆಟ್ಟಿಲಿಳಿದಳು. ಮೇಡಂ ಆ ಭುಜದಿಂದ ಕಣ್ಣು ಕೀಳದೆ ಹಿಂದೆಯೇ ಇಳಿದರು.